ದ್ವಿಚಕ್ರನಾಮಮೀಮಾಂಸೆ ಅಥವಾ ಚೀನೀ ಬೈಕಿಗೆ ಇಟಲಿಯ ಅಜ್ಜಿ ಏಕೆ ಬೇಕಾದಳು

ಸಕಲ ವಿಘ್ನಗಳನ್ನೂ ಕಿಕ್ಕರಿನ ಒಂದೇ ಒದೆತಕ್ಕೆ ಪರಿಹರಿಸುವ ದೇವತೆಗೆ ನಮಿಸಿ ಈ ಗ್ರಂಥವನ್ನು ಆರಂಭಿಸುತ್ತೇವೆ. ವಿಷಯ: ಚೀನೀ ಮೋಟಾರ್‌ಸೈಕಲ್. ಪ್ರಯೋಜನ: ಏನೂ ಇಲ್ಲ. ಅಧಿಕಾರಿ: ಶೋರೂಮಿನಲ್ಲಿ ಬೆಲೆ ಕೇಳಿ, ಬ್ರೋಶರ್ ಮಾತ್ರ ಹಿಡಿದು ಮನೆಗೆ ಮರಳುವ ಮುಮುಕ್ಷು.

ಪ್ರಶ್ನೆ ಇದು. ಚೋಂಗ್‌ಕಿಂಗ್ ಎಂಬ ಒಂದೇ ಊರಿನಲ್ಲಿ ಲಿಫಾನ್, ಲೋನ್ಸಿನ್, ಜೋಂಗ್‌ಶೆನ್ ಎಂಬ ಮೂರು ದೈತ್ಯ ಕಂಪನಿಗಳು ಹುಟ್ಟಿದವು. ಲೋಕಕ್ಕೆಲ್ಲ ಬೈಕು ಕಳಿಸಿದವು. ಆದರೂ "ಅಮ್ಮಾ, ನಂಗೆ ಲೋನ್ಸಿನ್ನೇ ಬೇಕು" ಎಂದು ಊಟ ಬಿಟ್ಟು ಕೂತ ಹುಡುಗ ಪರದೇಶದಲ್ಲಿ ಏಕೆ ಸಿಗುವುದಿಲ್ಲ?

"ಮಾಲು ಕಳಪೆ" ಎಂಬುದು ಪೂರ್ವಪಕ್ಷ. ಸ್ಥೂಲಬುದ್ಧಿಯ ಮಾತು. ಬಿಎಂಡಬ್ಲ್ಯು ತನ್ನ ಎಫ್ 850 ಜಿಎಸ್‌ಗೆ ಎಂಜಿನ್ ಮಾಡಿಸಿದ್ದೇ ಲೋನ್ಸಿನ್ ಕೈಯಲ್ಲಿ. ಅಡುಗೆ ಚೋಂಗ್‌ಕಿಂಗಿನದು, ಬಾಳೆಲೆ ಬರ್ಲಿನ್ನಿನದು. ಉಂಡವರು ಎಲೆಯನ್ನು ಹೊಗಳಿ ಎದ್ದರು.

ಆದರೆ ಪೂರ್ವಪಕ್ಷಿಗೂ ಒಬ್ಬ ಸಾಕ್ಷಿಯಿದ್ದಾನೆ: ವಿಯೆಟ್ನಾಂ. ಅಲ್ಲಿ ಯಾವ ಬೈಕಾದರೂ 'ಹೋಂಡಾ' ಎನ್ನುವುದೇ ವಾಡಿಕೆ. 2000ದ ಆಸುಪಾಸಿನಲ್ಲಿ ಚೀನೀಯರು ಹೋಂಡಾ ಹೋಲುವ ಬೈಕುಗಳನ್ನು ಅಗ್ಗಕ್ಕೆ ತಂದು ಸುರಿದರು. ಆಮೇಲೆ ತಮ್ಮತಮ್ಮಲ್ಲೇ ಬೆಲೆ ಇಳಿಸುವ ಪೈಪೋಟಿಗೆ ಬಿದ್ದರು. ಬೆಲೆಯ ಹಿಂದೆಯೇ ಗುಣವೂ ಇಳಿಯಿತು. 2002ರಲ್ಲಿ ಹೋಂಡಾ ಕಡಿಮೆ ಬೆಲೆಯ ವೇವ್ ಆಲ್ಫಾ ಬಿಟ್ಟದ್ದೇ ತಡ, ಜನ ಅಸಲಿಯ ಕಡೆ ತಿರುಗಿದರು. ಇತ್ತ ಲಿಫಾನ್ ತನ್ನ ಬೈಕಿನ ಮೇಲೆ 'ಹೋಂಗ್ಡಾ' ಎಂದು ಬರೆಸಿಕೊಂಡಿತ್ತು. ಯಕಾರಾಗಮ, ವಕಾರಾಗಮಗಳನ್ನು ಬಲ್ಲ ನಮಗೆ ಇದು ಗಕಾರಾಗಮವೆಂದು ತಕ್ಷಣ ತಿಳಿಯುತ್ತದೆ. ಬೀಜಿಂಗಿನ ನ್ಯಾಯಾಲಯ ಮಾತ್ರ 2004ರಲ್ಲಿ ಈ ಸಂಧಿಯನ್ನು ಒಪ್ಪದೆ, ಹೋಂಡಾಕ್ಕೆ 14.7 ಲಕ್ಷ ಯುವಾನ್ ಕಟ್ಟಿಸಿತು.

ಇನ್ನು ಕನ್ಯಾದಾನ ಪ್ರಕರಣ. ಧಾರೆಯೆರೆದ ಮೇಲೆ ಹೆಣ್ಣಿನ ಗೋತ್ರ ಬದಲಾಗುವಂತೆ, ಬಂದರು ದಾಟಿದ ಚೀನೀ ಬೈಕಿನದೂ ಬದಲಾಗುತ್ತದೆ. ಇಂಗ್ಲೆಂಡಿನ ಎಕ್ಸೆಟರಿಗೆ ಹೋದರೆ ಲೆಕ್ಸ್‌ಮೋಟೊ. ಮೆಕ್ಸಿಕೋದಲ್ಲಿ ಇಟಾಲಿಕಾ: ಬಿಡಿಭಾಗ ಚೀನಾದ್ದು, ಜೋಡಣೆ ಮೆಕ್ಸಿಕೋದ್ದು, ವಾಸನೆ ಇಟಲಿಯದು. ಕೊಂಡವನು ಹರಸಿದರೂ ಶಪಿಸಿದರೂ ಅದು ಗಂಡನ ಮನೆಗೇ. ತವರಿಗೆ ದುಡ್ಡು ಬಂತು, ಹೆಸರು ಬರಲಿಲ್ಲ.

ಈಗ ಸಿದ್ಧಾಂತ. ಬ್ರ್ಯಾಂಡ್ ಎಂದರೆ ಅಜ್ಜ ಓಡಿಸಿದ ಗಾಡಿ. ಬೇಕಾದರೆ ಮೈಸೂರಿನವರನ್ನು ಕೇಳಿ. ಯೆಜ್ಡಿ ಬೈಕು ಮಾಡುತ್ತಿದ್ದ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದೆ, ಯೆಜ್ಡಿಯ ಮಾತು ತೆಗೆದರೆ ಇವತ್ತಿಗೂ ಮುಂದಿಟ್ಟ ಕಾಫಿ ಆರಿಹೋಗುತ್ತದೆ. ಚೀನಾದಲ್ಲಿ ಬೈಕು ಅಜ್ಜನಾಗುವುದು ಹೇಗೆ? 2013ರ ನಿಯಮದ ಪ್ರಕಾರ ಅದರ ಪರಮಾಯುಷ್ಯ 13 ವರ್ಷ, ಆಮೇಲೆ ಗುಜರಿ ಕಡ್ಡಾಯ. ಗುವಾಂಗ್‌ಝೌ ನಗರವಂತೂ 2007ರಲ್ಲೇ ಬೈಕಿಗೆ ಬಾಗಿಲು ಹಾಕಿತು. ಮೀಸೆ ಚಿಗುರುವ ಮೊದಲೇ ಶ್ರಾದ್ಧವಾಗುವ ವಂಶದಲ್ಲಿ ಅಜ್ಜ ಎಲ್ಲಿಂದ ಬಂದಾನು?

ಆದ್ದರಿಂದ ಅಜ್ಜಿಯನ್ನು ದತ್ತು ತಂದರು. ಮಗನನ್ನು ದತ್ತು ಪಡೆಯಲು ಶಾಸ್ತ್ರದಲ್ಲಿ ವಿಧಿಯಿದೆ, ಅಜ್ಜಿಯನ್ನು ಪಡೆಯಲು ಇಲ್ಲ. ವೆನ್‌ಲಿಂಗ್‌ನ ಚಿಯಾನ್‌ಜಿಯಾಂಗ್ ಕಂಪನಿ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ 2005ರಲ್ಲಿ ಇಟಲಿಯ ಬೈಕ್ ಕಂಪನಿ ಬೆನೆಲ್ಲಿಯನ್ನು ಕೊಂಡಿತು. ಪೆಸಾರೊ ಊರಿನ ವಿಧವೆ ತೆರೇಸಾ ಬೆನೆಲ್ಲಿ ತನ್ನ ಆರು ಗಂಡುಮಕ್ಕಳಿಗೊಂದು ಕಸುಬಾಗಲಿ ಎಂದು 1911ರಲ್ಲಿ ತೆರೆದ ಗ್ಯಾರೇಜು ಅದು. ಫಲಶ್ರುತಿ ಹೀಗಿದೆ: ಬೆನೆಲ್ಲಿ ಟಿಆರ್‌ಕೆ 502 ಇಟಲಿಯಲ್ಲೇ 2021ರ ಅತಿ ಹೆಚ್ಚು ಮಾರಾಟವಾದ ಮೋಟಾರ್‌ಸೈಕಲ್. ತಮ್ಮ ಅಜ್ಜಿಯನ್ನು ತಾವೇ ಚೀನಾದಿಂದ ತರಿಸಿಕೊಂಡರು! (ನಗುವವರು ತುಸು ತಡೆಯಿರಿ. ಮೈಸೂರಿನಲ್ಲೂ ಕಾರ್ಖಾನೆಯಿರುವ ಹೊಸೂರಿನ ಟಿವಿಎಸ್ 2020ರಲ್ಲಿ ಇಂಗ್ಲೆಂಡಿನ ನಾರ್ಟನ್ನನ್ನು ಮನೆತುಂಬಿಸಿಕೊಂಡಿದೆ.)

ಶಂಕೆ: ಸ್ವಂತ ಹೆಸರಿನಲ್ಲಿ ಗೆದ್ದವರೇ ಇಲ್ಲವೆ? 2024ರ ಮೋಟೊ3 ವಿಶ್ವ ಚಾಂಪಿಯನ್ ಡೇವಿಡ್ ಅಲೊನ್ಸೊ ಓಡಿಸಿದ್ದು ಚೀನಾದ ಸಿಎಫ್‌ಮೋಟೊ. ಸಮಾಧಾನ: ಬಣ್ಣ ಕೆರೆದು ನೋಡಿ, ಕೆಳಗೆ ಆಸ್ಟ್ರಿಯಾದ ಕೆಟಿಎಂ. ಮರುಶಂಕೆ: ಹಾಗಾದರೆ ಕೋವ್ ಎಂಬ ಚೀನೀ ಕಂಪನಿ? 2023ರ ಡಕಾರ್ ರ‍್ಯಾಲಿಗೆ ತನ್ನದೇ ಹೆಸರಿನ ಮೂರು ಬೈಕು ಇಳಿಸಿ, ಮರಳುಗಾಡಿನಲ್ಲಿ ಮೂರನ್ನೂ ಗುರಿ ಮುಟ್ಟಿಸಿತಲ್ಲ? ಅಜ್ಜನೂ ಇಲ್ಲ, ಅಜ್ಜಿಯೂ ಇಲ್ಲ.

ಈ ದೃಷ್ಟಾಂತ ನಮ್ಮ ಸಿದ್ಧಾಂತಕ್ಕೆ ಹೊಂದುವುದಿಲ್ಲ. ಆದಕಾರಣ ಪೂರ್ವಾಚಾರ್ಯರ ಸಂಪ್ರದಾಯವನ್ನು ಅನುಸರಿಸಿ, ಇದನ್ನು ಪ್ರಕ್ಷಿಪ್ತವೆಂದು ಕೈಬಿಟ್ಟಿದ್ದೇವೆ.