ಬಿಲ್ಲು ಕಟ್ಟುವ ಮಾಲೀಕನ ಬಹಿರಂಗ ಪತ್ರ

ನಮ್ಮ ಸಹಕಾರಿ ಟೆಲಿಫೋನ್, ಕೇಬಲ್ ಮತ್ತು ಇಂಟರ್ನೆಟ್ ಸಂಘದ ಮಾನ್ಯ ಅಧ್ಯಕ್ಷರಿಗೂ ಆಡಳಿತ ಮಂಡಳಿಯ ಸಮಸ್ತ ನಿರ್ದೇಶಕರಿಗೂ,

ಅಮೆರಿಕದ ಈ ಸಣ್ಣ ಊರಿನಿಂದ ನಿಮ್ಮ ಸದಸ್ಯನೊಬ್ಬನ ನಮಸ್ಕಾರಗಳು. ಪತ್ರ ಕನ್ನಡದಲ್ಲಿದೆ. ಓದಲಾಗಲಿಲ್ಲವೆಂದು ಬೇಸರ ಬೇಡ. ನೀವು ಕಳಿಸಿದ ಬೈಲಾ ಇಂಗ್ಲಿಷಿನಲ್ಲೇ ಇತ್ತು, ನನಗೂ ಅರ್ಥವಾಗಲಿಲ್ಲ. ಅಲ್ಲಿಗೆ ಲೆಕ್ಕ ಚುಕ್ತಾ.

ನಾನು ಸಂಪರ್ಕ ತೆಗೆದುಕೊಂಡ ದಿನ ನಿಮ್ಮ ಕಚೇರಿಯ ಹೆಣ್ಣುಮಗಳು ‘ಇನ್ನು ಮೇಲೆ ನೀವು ಗಿರಾಕಿಯಲ್ಲ, ಮಾಲೀಕರು’ ಎಂದರು. ಹಿಗ್ಗಿ ಊರಿಗೆ ಫೋನು ಹಚ್ಚಿ, ಅಮೆರಿಕದಲ್ಲಿ ಕಂಪನಿಯ ಮಾಲೀಕನಾದೆ ಎಂದೆ. ‘ಪಗಾರ ಎಷ್ಟಪಾ?’ ಎಂದಳು ಅವ್ವ. ಪಗಾರ ಇಲ್ಲ, ತಿಂಗಳಾ ನಾನೇ ಕಟ್ಟಬೇಕು ಎಂದೆ. ಅವ್ವ ಮಾತಾಡದೆ ಫೋನನ್ನು ಅಪ್ಪನ ಕೈಗೆ ಕೊಟ್ಟಳು.

ಸಹಕಾರ ನಮಗೇನು ಹೊಸದಲ್ಲ. ನಾನು ಬೆಳಗಾವಿ ಜಿಲ್ಲೆಯವನು. 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿ ಹೆಸರಾದ ಕಣಗಿನಹಾಳ ಇರುವುದು ಗದಗ ಸೀಮೆಯಲ್ಲಿ, ನಮಗೆ ದೂರವೇನಲ್ಲ. ನಮ್ಮ ಹುಕ್ಕೇರಿಯಲ್ಲಂತೂ ಹಳ್ಳಿಗಳಿಗೆ ಕರೆಂಟು ಕೊಡುವುದೇ ಸಹಕಾರ ಸಂಘ, ಅದೂ 1969ರಲ್ಲಿ ಕಟ್ಟಿದ್ದು. ಭಾರತದಲ್ಲಿ ಅಂಥ ಸಂಘಗಳನ್ನು ಮೊದಲು ಪ್ರಯೋಗವೆಂದು ಕಟ್ಟಿದಾಗ ದಾರಿ ತೋರಿಸಿದವರು ನಿಮ್ಮ ದೇಶದ ಗ್ರಾಮೀಣ ವಿದ್ಯುತ್ ಸಹಕಾರಿಗಳವರು. ಹಾಗಾಗಿ ಶಿಷ್ಯನ ಊರಿನವನು ಗುರುಗಳಿಗೆ ಎರಡು ಮಾತು ಹೇಳಿದರೆ ಅಪಚಾರವಾಗಲಿಕ್ಕಿಲ್ಲ. ಒಂದು ವಿಷಯದಲ್ಲಿ ಶಿಷ್ಯನೇ ಮುಂದಿದ್ದಾನೆ. ಹುಕ್ಕೇರಿ ಸಂಘದ ಚುನಾವಣೆ ಬಂದರೆ ಜಿಲ್ಲೆಯ ಘಟಾನುಘಟಿಗಳು ತೋಳೇರಿಸಿ ಇಳಿಯುತ್ತಾರೆ. ನಿಮ್ಮಲ್ಲಿ ಎಲ್ಲರೂ ಅವಿರೋಧ ಆಯ್ಕೆ. ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದಿದ್ದಕ್ಕಿಂತ ಲಕ್ಕಿ ಡ್ರಾ ಎತ್ತಿದ್ದೇ ಹೆಚ್ಚು ಹೊತ್ತು. ಊಟಕ್ಕೆ ಹಂದಿಮಾಂಸ ಇತ್ತು, ಅದರದೇ ಚೂರು ಬಿದ್ದ ಬೀನ್ಸೂ ಇತ್ತು. ಸಸ್ಯಾಹಾರಿ ಮಾಲೀಕ ಬ್ರೆಡ್ಡು ತಿಂದು, ಕೈ ಎತ್ತಿ ಎಲ್ಲ ಠರಾವಿಗೂ ಒಪ್ಪಿಗೆ ಕೊಟ್ಟು ಬಂದ.

ಈಗ ದುಡ್ಡಿನ ಮಾತಿಗೆ ಬರೋಣ. ವರ್ಷಕ್ಕೊಮ್ಮೆ ನೀವು ‘ಕ್ಯಾಪಿಟಲ್ ಕ್ರೆಡಿಟ್’ ಎಂಬ ಚೀಟಿ ಕಳಿಸುತ್ತೀರಿ. ಖರ್ಚು ಕಳೆದು ಉಳಿದ ಹಣವನ್ನು, ಯಾರು ಎಷ್ಟು ಬಿಲ್ಲು ಕಟ್ಟಿದರೋ ಅದಕ್ಕೆ ತಕ್ಕಂತೆ ಸದಸ್ಯರ ಹೆಸರಿಗೆ ಬರೆಯುವ ಪದ್ಧತಿ. ಬರೆಯುತ್ತೀರಿ ಅಷ್ಟೆ, ಕೊಡುವುದಿಲ್ಲ. ಕೊಡುವುದು ಮಂಡಳಿಗೆ ಮನಸ್ಸಾದಾಗ. ಇಂಥ ಸಂಘಗಳಲ್ಲಿ ಅದಕ್ಕೆ ಇಪ್ಪತ್ತು, ಮೂವತ್ತು ವರ್ಷ ಹಿಡಿಯುವುದೂ ಉಂಟು. ಬಡ್ಡಿಯ ಸುದ್ದಿಯೇ ಇಲ್ಲ. ಬೇಗ ಪಡೆಯಲು ದಾರಿ ಇದೆಯೇ ಎಂದು ನಿಮ್ಮ ಕಚೇರಿಯಲ್ಲಿ ವಿಚಾರಿಸಿದೆ. ಇದೆಯಂತೆ. ಸದಸ್ಯ ತೀರಿಕೊಂಡರೆ ವಾರಸುದಾರರು ಮರಣ ಪ್ರಮಾಣಪತ್ರ ಲಗತ್ತಿಸಿ ಅರ್ಜಿ ಹಾಕಬಹುದಂತೆ. ಅವಧಿಗೆ ಮುಂಚೆ ಕೊಡುವುದರಿಂದ ಸ್ವಲ್ಪ ಮುರಿದುಕೊಂಡು ಕೊಡುತ್ತೀರಂತೆ. ಸತ್ತದ್ದು ಬೇಗ ಆಯಿತು ಎಂದು ದಂಡ! ಮಹಾಲಯ ಅಮಾವಾಸ್ಯೆಗೆ ಮಕ್ಕಳು ಎಡೆ ಇಡುವಾಗ ನಿಮ್ಮ ಚೆಕ್ಕನ್ನೂ ಎಲೆಯ ಪಕ್ಕ ಇಡಲಿ ಎಂದು ಉಯಿಲಿನಲ್ಲಿ ಬರೆಸುತ್ತಿದ್ದೇನೆ.

ಆ ಹಣ ಪೆಟ್ಟಿಗೆಯಲ್ಲಿಲ್ಲ, ಫೈಬರ್ ಆಗಿ ಮಣ್ಣಿನಡಿ ಮಲಗಿದೆ ಎನ್ನುತ್ತೀರಿ. ಒಪ್ಪಿದೆ. ಆದರೆ ಬಡವರಿಗೆ ಇಂಟರ್ನೆಟ್ ಬಿಲ್ಲಿನಲ್ಲಿ ತಿಂಗಳಿಗೆ 30 ಡಾಲರ್ ಕಳೆಯುತ್ತಿದ್ದ ಕೇಂದ್ರ ಸರ್ಕಾರದ ಯೋಜನೆ 2024ರ ಜೂನ್‌ನಲ್ಲಿ ನಿಂತುಹೋಯಿತಲ್ಲ, ಆಗ ನಮ್ಮ ಬೀದಿಯ ಮುದುಕಿಯೊಬ್ಬರು ಸಂಪರ್ಕ ಕಡಿಸಿಕೊಂಡರು. ನಿಮ್ಮ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಬಹುಕಾಲದ ಕ್ರೆಡಿಟ್ ಇತ್ತು. ಅದನ್ನು ಬಿಲ್ಲಿಗೆ ವಜಾ ಹಾಕಿಕೊಳ್ಳಿ ಎಂದು ಕೇಳಿದರೆ ಬೈಲಾದಲ್ಲಿ ಅವಕಾಶವಿಲ್ಲ ಎಂದಿರಿ. ಬೈಲಾ ತಿದ್ದುವವರು ಯಾರು? ಮಾಲೀಕರು. ಮಾಲೀಕರು ಎಲ್ಲಿದ್ದರು? ಡ್ರಾದ ಚೀಟಿ ಕೈಯಲ್ಲಿ ಹಿಡಿದು ಕೂತಿದ್ದೆವು.

ಇನ್ನು ಕೇಬಲ್ ಟಿವಿ. ಬಿಲ್ಲಿನ ತುದಿಯಲ್ಲಿ ‘ಬ್ರಾಡ್‌ಕಾಸ್ಟ್ ಸರ್‌ಚಾರ್ಜ್’ ಎಂದೊಂದು ಸಾಲಿದೆ. ಮನೆ ಮೇಲೆ ಆಂಟೆನಾ ನಿಲ್ಲಿಸಿದರೆ ಪುಕ್ಕಟೆ ಸಿಗುವ ಚಾನೆಲ್‌ಗಳಿಗೆ ಕೊಡುವ ದುಡ್ಡದು! ಇದು ನಿಮ್ಮ ಕಿತಾಪತಿಯಲ್ಲ, ಗೊತ್ತು. 1992ರ ಕೇಬಲ್ ಕಾಯಿದೆ ಬಂದ ಮೇಲೆ ಟಿವಿ ಕೇಂದ್ರಗಳು ಮರುಪ್ರಸಾರದ ಒಪ್ಪಿಗೆಗೆ ಹಣ ಕೇಳಬಹುದು, ಕೇಳುತ್ತಾ ಬಂದಿವೆ, ಪ್ರತಿ ಒಪ್ಪಂದಕ್ಕೂ ಏರಿಸುತ್ತಲೂ ಇವೆ. ಚೌಕಾಸಿಗೆಂದು ಸಣ್ಣ ಕೇಬಲ್ ಸಂಸ್ಥೆಗಳು ಕೂಡಿ ಕಾನ್ಸಸ್‌ನಲ್ಲಿ ತಮ್ಮದೇ ಒಂದು ಖರೀದಿ ಸಹಕಾರಿಯನ್ನು ಮಾಡಿಕೊಂಡಿವೆ. ಆದರೂ ಟಿವಿಯಿಂದ ಬಂದದ್ದೆಲ್ಲ ಚಾನೆಲ್‌ಗಳಿಗೇ ಹೋಗುತ್ತದೆ, ನಮಗೇನೂ ಉಳಿಯುವುದಿಲ್ಲ ಎಂದು ನೀವೇ ಸಭೆಯಲ್ಲಿ ಅತ್ತಿರಿ. ನಿಮಗೂ ಉಳಿಯದ, ನನಗೂ ಬೇಡದ ಈ ವ್ಯಾಪಾರವನ್ನು ‘ಸದಸ್ಯರ ಅನುಕೂಲಕ್ಕಾಗಿ’ ಇಂಟರ್ನೆಟ್ಟಿನ ಜೊತೆ ಕಟ್ಟಿ ಯಾಕೆ ಮಾರುತ್ತೀರಿ? ಹಲವು ಸಹಕಾರಿಗಳು ಟಿವಿ ಮುಚ್ಚಿ ಹಗುರಾಗಿವೆ. ಊರಲ್ಲಿ ನಮ್ಮ ಕೇಬಲ್ ಹುಡುಗ ಬೈಕಿನಲ್ಲಿ ಬಂದು, ಚೀಟಿ ಹರಿದು ಕೊಟ್ಟು, ‘ಸರ, ಸಂಜಿಗೆ ಬಂದು ಲೈನ್ ನೋಡತೀನಿ’ ಎಂದು ಸುಳ್ಳಾದರೂ ಹೇಳುತ್ತಿದ್ದ. ನೀವು ಹೋಲ್ಡ್‌ನಲ್ಲಿಟ್ಟು ಪಿಯಾನೊ ಕೇಳಿಸುತ್ತೀರಿ.

ಇಷ್ಟೆಲ್ಲ ಬೈದ ಮೇಲೂ ನಿಮ್ಮ ಇಂಟರ್ನೆಟ್ಟಿಗೆ ಹೆಸರಿಡಲಾರೆ. ಅದರ ಬೇರು ಕರೆಂಟಿನ ಕಥೆಯಲ್ಲಿದೆ. 1930ರ ದಶಕದ ನಡುವಿನಲ್ಲಿ ಈ ದೇಶದ ಹತ್ತು ಹೊಲಮನೆಗಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಮಾತ್ರ ಕರೆಂಟು ಇತ್ತು. ಮೈಲಿಗೆ ಎರಡು ಮನೆಯಿದ್ದ ಕಡೆ ಕಂಬ ನೆಡಲು ಯಾವ ಕಂಪನಿಯೂ ಬರಲಿಲ್ಲ. ರೂಸ್‌ವೆಲ್ಟ್ ಕಾಲದಲ್ಲಿ, 1936ರ ಕಾಯಿದೆಯ ಸಾಲದಿಂದ ರೈತರೇ ಸಂಘ ಕಟ್ಟಿಕೊಂಡರು. 1949ರಲ್ಲಿ ಟೆಲಿಫೋನಿಗೂ ಆ ಸಾಲ ಸಿಕ್ಕಿತು. ಅದೇ ಸಂಘಗಳು ಇವತ್ತು ಫೈಬರ್ ಎಳೆಯುತ್ತಿವೆ. ಕೆಂಟಕಿಯ ಜಾಕ್ಸನ್ ಮತ್ತು ಔಸ್ಲಿ ಕೌಂಟಿಗಳು ಬಡತನಕ್ಕೆ ಹೆಸರಾದ ಗುಡ್ಡಗಾಡು. ಅಲ್ಲಿನ ಟೆಲಿಫೋನ್ ಸಹಕಾರಿ 2014ರ ಹೊತ್ತಿಗೆ ಮನೆಮನೆಗೂ ಫೈಬರ್ ಮುಟ್ಟಿಸಿತು. ಲಾರಿ ಹತ್ತದ ಕಡಿದಾದ ಜಾಗಗಳಲ್ಲಿ ತಂತಿ ಎಳೆದದ್ದು ಓಲ್ಡ್ ಬಬ್ ಎಂಬ ಹೇಸರಗತ್ತೆ. ಈ ವ್ಯವಹಾರದಲ್ಲಿ ನಾನು ಕೇಳಿದ ಅತ್ಯಂತ ನಂಬಿಕಸ್ಥ ನೌಕರ ಅದು. ದೊಡ್ಡ ಕಂಪನಿಯ ಷೇರುದಾರ ಆ ಗುಡ್ಡಕ್ಕೆ ಕತ್ತೆಯನ್ನು ಕಳಿಸುವುದಿರಲಿ, ನಕಾಶೆ ಬಿಚ್ಚಿಯೂ ನೋಡುತ್ತಿರಲಿಲ್ಲ.

2024ರ ಮಾರ್ಚ್‌ನಲ್ಲಿ ಇಲ್ಲಿನ ಸಂಪರ್ಕ ಆಯೋಗ, ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಇಳಿಕೆ 100, ಏರಿಕೆ 20 ಮೆಗಾಬಿಟ್ ಇರಲೇಬೇಕು ಎಂದಿತು. ನಿಮ್ಮ ಫೈಬರ್ ಎರಡೂ ದಿಕ್ಕಿಗೆ ಅದನ್ನು ಸಲೀಸಾಗಿ ದಾಟುತ್ತದೆ. ಹಿಮ ಬಿದ್ದ ರಾತ್ರಿಯೂ ಅವ್ವನ ಮುಖ ವಿಡಿಯೋದಲ್ಲಿ ಒಮ್ಮೆಯೂ ನಿಂತಿಲ್ಲ. ಬೆಲೆ ಪಟ್ಟಣದ ಕಂಪನಿಯ ಮೊದಲ ವರ್ಷದ ಆಫರ್‌ಗಿಂತ ತುಸು ಜಾಸ್ತಿ. ಆದರೆ ಆ ಆಫರ್ ಮುಗಿದ ಮೇಲೆ ಅವರು ಕೀಳುವ ಬೆಲೆಗಿಂತ ಕಡಿಮೆ.

ಆದ್ದರಿಂದ ನನ್ನ ತೀರ್ಪು ಇಷ್ಟು. ನಿಮ್ಮ ಫೈಬರ್ ಕೊಟ್ಟ ಕಾಸಿಗೆ ಮೋಸವಿಲ್ಲ. ಟಿವಿ ಶುದ್ಧ ದಂಡ. ಮಾಲೀಕತ್ವದ ಬೆಲೆ ಗೊತ್ತಾಗಬೇಕಾದರೆ, ಯಾವ ವರ್ಷದ ಕ್ರೆಡಿಟ್ ಯಾವಾಗ ಕೊಡುತ್ತೀರಿ ಎಂಬ ತಾರೀಖನ್ನು ಬಿಲ್ಲಿನ ಮೇಲೇ ಅಚ್ಚು ಮಾಡಿ. ಕಷ್ಟದಲ್ಲಿರುವ ಸದಸ್ಯರ ಕ್ರೆಡಿಟ್ಟನ್ನು ಬಿಲ್ಲಿಗೆ ವಜಾ ಹಾಕುವ ತಿದ್ದುಪಡಿಯನ್ನು ಮುಂದಿನ ಸಭೆಯಲ್ಲಿ ನಾನೇ ಮಂಡಿಸುತ್ತೇನೆ. ನಿರ್ದೇಶಕ ಸ್ಥಾನಕ್ಕೆ ನಾಮಪತ್ರವನ್ನೂ ಹಾಕುತ್ತೇನೆ; ಬೆಳಗಾವಿ ಜಿಲ್ಲೆಯವನಿಗೆ ಸೊಸೈಟಿ ಚುನಾವಣೆ ಹೇಳಿಕೊಡಬೇಕಾಗಿಲ್ಲ.

ಈ ತಿಂಗಳ ಬಿಲ್ಲು ಕಟ್ಟಿದ್ದೇನೆ. ಮುಂದಿನ ತಿಂಗಳಿಂದ ಟಿವಿ ಪ್ಯಾಕೇಜು ತೆಗೆದುಹಾಕಿ, ಇಂಟರ್ನೆಟ್ ಇರಲಿ.

ಇತಿ,
ನಿಮ್ಮ ಸದಸ್ಯ