ಗಾಡಿಗೇನು ಸೂತಕ?

ಗಾಡಿ ಹುಚ್ಚಿನವರು ಸಾವಿನ ಮನೆಗೆ ಹೋದಾಗ ಷೆಡ್ಡಿನ ಕಡೆ ಕತ್ತು ತಿರುಗಿಸಬಾರದು. ಇದು ಯಾವ ಶಾಸ್ತ್ರದಲ್ಲೂ ಇಲ್ಲ, ನಾನು ಹೇಳುತ್ತಿರುವುದು. ಜಾವಾ ಮಾಮ ತೀರಿಕೊಂಡ ದಿನ, ಚಟ್ಟ ಇನ್ನೂ ಮನೆ ಮುಂದೆಯೇ ಇತ್ತು, ನಮ್ಮವನೊಬ್ಬ ಇನ್ನೊಬ್ಬನ ಹತ್ತಿರ, "ಗಾಡಿ ಕೊಡ್ತಾರಂತಾ?" ಅಂತ ಪಿಸುಗುಟ್ಟಿದ. ಅವನ ಕಣ್ಣಲ್ಲಿದ್ದ ನೀರು ನಿಜವಾದದ್ದೇ. ಆದರೂ ಕೇಳಿಯೇಬಿಟ್ಟ.

ಬೇಲಿಯಾಚೆ ದಾಸವಾಳ ಬಿಡಿಸುತ್ತಿದ್ದ ಪಕ್ಕದ ಮನೆ ಮೇಷ್ಟ್ರು ಇದನ್ನು ಕೇಳಿ, "ಥೂ, ನೀವೆಂಥಾ ಸ್ನೇಹಿತರ್ರೀ!" ಅಂದರು. ಮೇಷ್ಟ್ರು ಜೀವಮಾನವಿಡೀ ಸೈಕಲ್ ತುಳಿದವರು, ಬೈಯುವ ಹಕ್ಕು ಅವರಿಗುಂಟು.

"ಮೇಷ್ಟ್ರೇ, ಸ್ವಲ್ಪ ಕೇಳಿ" ಅಂದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ 1961ರಿಂದ ಗಾಡಿ ತಯಾರಾಗುತ್ತಿತ್ತು. ಆಮೇಲೆ 1973ರ ಹೊತ್ತಿಗೆ ಟ್ಯಾಂಕಿನ ಮೇಲೆ ಜಾವಾ ಹೋಗಿ ಯೆಜ್ಡಿ ಬಂತು. 1996ರಲ್ಲಿ ಗೇಟಿಗೆ ಬೀಗ ಬಿತ್ತು. ಜಾವಾ ಮಾಮ ಅಲ್ಲಿ ಇಂಜಿನ್ ಜೋಡಿಸುತ್ತಿದ್ದವನು. ಫ್ಯಾಕ್ಟರಿ ಮುಚ್ಚಿದ ಮೇಲೆ ಅದೇ ಕೈ ಮನೆಯ ಷೆಡ್ಡಿನಲ್ಲಿ ನಮ್ಮೆಲ್ಲರ ಗಾಡಿಗಳನ್ನು ಬದುಕಿಸಿತು. ದುಡ್ಡು ಕೇಳುತ್ತಿರಲಿಲ್ಲ, ಬೈಗುಳ ಮಾತ್ರ ಧಾರಾಳವಾಗಿ ಕೊಡುತ್ತಿದ್ದ. ಎರಡು ಸೈಲೆನ್ಸರಿನ ಸದ್ದು ಬೀದಿ ತಿರುವಿನಲ್ಲಿ ಕೇಳಿದರೆ ಸಾಕು, ಯಾರ ಗಾಡಿ, ಯಾವ ಪಾಯಿಂಟು ಕೆಟ್ಟಿದೆ ಅಂತ ಒಳಗಿಂದಲೇ ಕೂಗಿ ಹೇಳುತ್ತಿದ್ದ. ಹೀಗಿರುವಾಗ ಅವನು ಹೋದ ಅನ್ನುವುದಕ್ಕೂ ಅವನ ಗಾಡಿ ನಿಂತುಹೋಯಿತು ಅನ್ನುವುದಕ್ಕೂ ನಮ್ಮ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕೇಳಿದವನು ದುರಾಸೆಗೆ ಕೇಳಿದನೋ ಭಯಕ್ಕೆ ಕೇಳಿದನೋ, ಅವನಿಗೇ ಗೊತ್ತಿಲ್ಲ.

ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೊರಟಾಗ ನಾವೆಲ್ಲ ಕಾರಿನ ಹಿಂದೆ ಗಾಡಿಯಲ್ಲೇ ಹೋದೆವು. ಗುಂಪಿನಲ್ಲಿ ಸತ್ತವನ ಜಾಗವನ್ನು ಖಾಲಿ ಬಿಟ್ಟು ಓಡಿಸುವ ಪದ್ಧತಿ ಹೊರದೇಶಗಳಲ್ಲಿದೆ. ನಮ್ಮ ಹುಡುಗರು ಅದನ್ನೇ ಮಾಡೋಣ ಅಂದರು. ಹಗಲಲ್ಲೇ ಹೆಡ್‌ಲೈಟ್ ಹಾಕಿಕೊಂಡು, ಎರಡು ಸಾಲು ಮಾಡಿಕೊಂಡು, ಎದುರಿಗೆ ಮಾಮನ ಜಾಗ ಖಾಲಿ. ಬೆಂಗಳೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ ಎರಡಕ್ಕೂ ಪ್ರವೇಶವಿಲ್ಲ. ಹಾಗಾಗಿ ಎಲ್ಲರೂ ಸರ್ವಿಸ್ ರಸ್ತೆಯಲ್ಲೇ. ನಮ್ಮ ದೇಶದ ರಸ್ತೆಯಲ್ಲಿ ಖಾಲಿ ಜಾಗ ಎಷ್ಟು ಹೊತ್ತು ಖಾಲಿ ಇದ್ದೀತು? ಎಲೆಕೋಸು ತುಂಬಿದ ಲಗೇಜ್ ಆಟೋ ಒಂದು ಪೀಂ ಅಂತ ಬಂದು ಮಾಮನ ಜಾಗದಲ್ಲಿ ಸೇರಿಕೊಂಡಿತು. ಶ್ರೀರಂಗಪಟ್ಟಣದವರೆಗೂ ಬಿಡಲಿಲ್ಲ. ಹಾರ್ನ್ ಮಾಡಿ ಓಡಿಸುವಂತಿಲ್ಲ, ಸಾವಿನ ಮೆರವಣಿಗೆ. ಮಾಮ ಇದ್ದಿದ್ದರೆ ಆ ಡ್ರೈವರನ ಸೈಲೆನ್ಸರ್ ಸರಿಯಿಲ್ಲ ಅಂತ ಅಲ್ಲೇ ಇಳಿಸಿ ಬೈದಿರುತ್ತಿದ್ದ.

"ನೆನಪಿಗೆ ಒಂದು ಕಲ್ಲೋ ಪ್ರತಿಮೆಯೋ ನೆಟ್ಟರೆ ಆಗಲ್ವಾ?" ಅಂದರು ಮೇಷ್ಟ್ರು, ಇದನ್ನೆಲ್ಲ ಕೇಳಿ.

ನೆಟ್ಟಿದ್ದಾರೆ, ಬೇರೆ ಕಡೆ. ಐಲ್ ಆಫ್ ಮ್ಯಾನ್ ಅನ್ನುವ ಪುಟ್ಟ ದ್ವೀಪದಲ್ಲಿ 1907ರಿಂದ ಟಿಟಿ ರೇಸು ನಡೆಯುತ್ತದೆ. ಅದರಲ್ಲಿ 26 ಸಲ ಗೆದ್ದ ಜೋಯಿ ಡನ್‌ಲಪ್ 2000ದ ಜುಲೈ 2ರಂದು ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ ರೇಸಿನಲ್ಲೇ ಸತ್ತ. ರೇಸಿಲ್ಲದಾಗ ತನ್ನ ವ್ಯಾನಿಗೆ ಬಟ್ಟೆಬರೆ, ಆಹಾರ ತುಂಬಿಕೊಂಡು ರೊಮೇನಿಯಾದ ಅನಾಥಾಲಯಗಳಿಗೆ ತಾನೇ ಓಡಿಸಿಕೊಂಡು ಹೋಗುತ್ತಿದ್ದವನು. ಅವನ ಕಂಚಿನ ಪ್ರತಿಮೆ ಬೆಟ್ಟದ ರಸ್ತೆಯ ಪಕ್ಕ ಬೈಕಿನ ಮೇಲೆ ಕೂತು ರೇಸಿನ ಹಾದಿಯನ್ನೇ ನೋಡುತ್ತದೆ. ಅದು ಸರಿ. ಕೆಳಗೆ ಇವತ್ತಿಗೂ ಗಾಡಿಗಳು ಓಡುತ್ತವಲ್ಲ.

ನನಗೆ ಬೇಸರ ತರಿಸುವುದು ರಾಜಸ್ಥಾನದ ಬುಲೆಟ್ ಬಾಬಾ. ಪಾಲಿ ಹತ್ತಿರ ಓಂ ಬನ್ನಾ ಎಂಬಾತ ಮರಕ್ಕೆ ಗುದ್ದಿ ಸತ್ತ. ಪೊಲೀಸರು ಬುಲೆಟ್ಟನ್ನು ಠಾಣೆಗೆ ಒಯ್ದರೆ, ರಾತ್ರಿ ಅದು ತಾನಾಗಿಯೇ ಓಡಿ ಸತ್ತ ಜಾಗಕ್ಕೆ ವಾಪಸಾಯಿತಂತೆ. ಟ್ಯಾಂಕ್ ಬರಿದು ಮಾಡಿ ಸರಪಳಿ ಹಾಕಿದರೂ ನಿಲ್ಲಲಿಲ್ಲವಂತೆ. ಈಗ ಅಲ್ಲಿ ಗುಡಿಯಿದೆ, ಹಾದುಹೋಗುವವರು ಕೈ ಮುಗಿದು, ಕೆಲವರು ಸಾರಾಯಿ ಸುರಿದು ಮುಂದೆ ಹೋಗುತ್ತಾರೆ. ನಂಬಿಕೆ ಅವರವರದು, ನಾನು ಬೇಡ ಅನ್ನುವುದಿಲ್ಲ. ಆದರೆ ಓಡಿ ಬಂದದ್ದಕ್ಕೇ ದೇವರಾದ ಗಾಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿಬಿಟ್ಟರಲ್ಲ ಸ್ವಾಮಿ!

ಮಾಮನ ಗಾಡಿ ಗಾಜಿನೊಳಗೆ ಹೋಗಲಿಲ್ಲ. ವೈಕುಂಠ ಸಮಾರಾಧನೆಯ ಊಟವಾದ ಮೇಲೆ ಒಬ್ಬ ಧೈರ್ಯ ಮಾಡಿ ಮಾಮನ ಹೆಂಡತಿ, ಅಂದರೆ ನಮ್ಮ ಅತ್ತಿಗೆಯ ಹತ್ತಿರ ವಿಷಯ ಎತ್ತಿದ. ಅತ್ತಿಗೆ, "ಅವರು ಬದುಕಿದ್ದಾಗ ಅದನ್ನ ಒರೆಸೋಕೂ ನನಗೆ ಬಿಡ್ಲಿಲ್ಲ. ಈಗ ನಿಮಗೆ ಕೊಡ್ತೀನಾ?" ಅಂದರು. ಅಲ್ಲಿಗೆ ಮಾತು ಮುಗಿಯಿತು. ಮಗಳು ಚುರುಕು. ಮಾಲೀಕ ತೀರಿಕೊಂಡರೆ ಮೂವತ್ತು ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಬೇಕು. ದುಃಖದಲ್ಲಿ ಇದನ್ನೆಲ್ಲ ಯಾರು ನೆನೆಯುತ್ತಾರೆ? ಎಷ್ಟೋ ಮನೆಗಳಲ್ಲಿ ಹಳೆಯ ಗಾಡಿ ಸತ್ತವರ ಹೆಸರಿನಲ್ಲೇ ತುಕ್ಕು ಹಿಡಿದು, ಕೊನೆಗೆ ಗುಜರಿ ಸೇರುವುದು ಹೀಗೆಯೇ. ಈ ಹುಡುಗಿ ಓಡಾಡಿ ಆರ್‌ಸಿ ತನ್ನ ಹೆಸರಿಗೆ ಮಾಡಿಸಿಕೊಂಡಳು.

ದಸರಾ ಬಂತು. ವರ್ಷ ತುಂಬುವವರೆಗೆ ಆ ಮನೆಯಲ್ಲಿ ಹಬ್ಬವಿಲ್ಲ. ಮಹಾಲಯ ಅಮಾವಾಸ್ಯೆ ಕಳೆದ ಒಂಬತ್ತನೇ ದಿನ ಆಯುಧಪೂಜೆ. ನಾವು ಸುಮ್ಮನಿದ್ದೆವು. ಅತ್ತಿಗೆಯೇ ಫೋನ್ ಮಾಡಿ, "ಹಬ್ಬ ನಮಗಿಲ್ಲ, ಗಾಡಿಗೇನು ಸೂತಕ? ಬಂದು ಸ್ಟಾರ್ಟ್ ಮಾಡಿಕೊಡಿ" ಅಂದರು.

ಹೋದೆವು. ಮೆರೂನ್ ಬಣ್ಣದ ಜಾವಾ, ಟ್ಯಾಂಕಿನ ಕ್ರೋಮಿನಲ್ಲಿ ನಮ್ಮ ಮುಖಗಳೆಲ್ಲ ಅಡ್ಡಡ್ಡ. ಹಳೇ ಪೆಟ್ರೋಲ್ ಚೆಲ್ಲಿ, ಹೊಸದಕ್ಕೆ ಆಯಿಲ್ ಬೆರೆಸಿ ಹಾಕಿದೆವು. ಕಾರ್ಬುರೇಟರಿನ ಗುಂಡಿ ಒತ್ತಿ ಹಿಡಿದು ಪೆಟ್ರೋಲ್ ಬೆರಳಿಗೆ ಜಿನುಗಿದ ಮೇಲೆ ಬಿಡಬೇಕು. ಗೇರಿನ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಮಗಳೇ ಒದ್ದಳು. ಆಗಲಿಲ್ಲ. ಸುತ್ತ ನಿಂತವರಿಂದ ತಲೆಗೊಂದು ಸಲಹೆ. ಕಿಕ್ಕರ್ ವಾಪಸು ಹೊಡೆದು ಮೊಣಕಾಲ ಕೆಳಗೆ ಊದಿಕೊಂಡಿತು. ಆಮೇಲೆ ಎದ್ದಿತು ನೋಡಿ, ಷೆಡ್ಡೆಲ್ಲ ನೀಲಿ ಹೊಗೆ. ಅತ್ತಿಗೆ ಕೆಮ್ಮುತ್ತಾ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಅವತ್ತು ಗಾಡಿಯ ವಿಷಯ ಪಿಸುಗುಟ್ಟಿದ್ದವನೇ ಎಲ್ಲರಿಗಿಂತ ಜೋರಾಗಿ ಅತ್ತ.

ಜಾವಾ ಯೆಜ್ಡಿ ದಿನ ಅಂತ ಜುಲೈ ತಿಂಗಳ ಎರಡನೇ ಭಾನುವಾರ ನಾವೆಲ್ಲ ಸೇರುತ್ತೇವೆ. ಈ ಸಲ ಮಾಮನ ಮಗಳೂ ಬಂದಳು. ಕಾಫಿಯ ಹೊತ್ತಿಗೆ ಮಾಮನ ಕಥೆಗಳು ಶುರುವಾದವು, ಅದರಲ್ಲೂ ಮಡಿಕೇರಿಯ ಕಥೆ. ಘಾಟಿಯಲ್ಲಿ ಕ್ಲಚ್ ವೈರ್ ಕಡಿದು, ಮಾಮ ಹಾಗೇ ಮೈಸೂರಿನವರೆಗೆ ಓಡಿಸಿಕೊಂಡು ಬಂದದ್ದು. ಜಾವಾದಲ್ಲಿ ಗೇರ್ ಕಡ್ಡಿ ಒತ್ತಿದರೆ ಕ್ಲಚ್ ತಾನಾಗಿ ಬಿಡುತ್ತದೆ, ಆದ್ದರಿಂದ ಕಥೆ ಸುಳ್ಳಾಗಬೇಕಿಲ್ಲ. ತೊಡಕು ಇನ್ನೊಂದು. ಅವತ್ತು ಹಿಂದಿನ ಸೀಟಿನಲ್ಲಿ ಕೂತಿದ್ದವನು ತಾನೇ ಅಂತ ಒಬ್ಬ ಹೇಳಿದ. ಇನ್ನೊಬ್ಬ ತಾನು ಅಂದ. ಎಣಿಸಿದರೆ ಐದು ಜನ ಆದರು.

"ಅಂಕಲ್, ಒಂದು ಸೀಟಿನಲ್ಲಿ ಐದು ಜನ ಹೆಂಗೆ ಕೂತ್ರಿ?" ಅಂತ ಕೇಳಿದಳು.

"ಜಾವಾ ಕಣಮ್ಮಾ" ಅಂದ ಹಿರಿಯನೊಬ್ಬ, "ನಿಮ್ಮಪ್ಪ ಬೈದರೆ ಎಲ್ಲರೂ ಒತ್ತಿಕೊಂಡು ಕೂರ್ತಿದ್ವಿ."