ಕುರ್ಪಿಸದೃಶ ವಸ್ತುವೊಂದರ ಉತ್ಪತ್ತಿ: ನವಲಗುಂದ ಸೀಮೆಯ ಕುಲುಮೆಯೊಂದರ ಶಾಸ್ತ್ರೀಯ ವಿವೇಚನೆ

ಧಾರವಾಡ ಜಿಲ್ಲೆಯ ಬಗ್ಗೆ ವಿದ್ವಾಂಸರು ಬರೆದದ್ದಕ್ಕೆ ಲೆಕ್ಕವಿಲ್ಲ. ಅಣ್ಣಿಗೇರಿಗೆ ಪಂಪನಿದ್ದಾನೆ, ಕುಂದಗೋಳಕ್ಕೆ ಸವಾಯಿ ಗಂಧರ್ವರಿದ್ದಾರೆ, ನವಲಗುಂದಕ್ಕೆ ಜಮಖಾನ, ಕಲಘಟಗಿಗೆ ಬಣ್ಣದ ತೊಟ್ಟಿಲು. ಆದರೆ ಆ ತೊಟ್ಟಿಲ ಕಟ್ಟಿಗೆ ಕೆತ್ತುವ ಉಳಿಯನ್ನು, ಆ ಜಮಖಾನದ ನೂಲನ್ನು ಹೊಡೆದು ಕೂಡಿಸುವ ಪಂಜಾದ ಹಲ್ಲುಗಳನ್ನು ಬಡಿದವರು ಯಾರು ಎಂಬುದಕ್ಕೆ ಅಡಿಟಿಪ್ಪಣಿಯಲ್ಲೂ ಜಾಗವಿಲ್ಲ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ, ಕಬ್ಬಿಣ ಕರಗಿಸುವ ಒಲೆಗಳನ್ನು ಆಳುಗಳ ಕೂಲಿಯ ಸಮೇತ ವರ್ಣಿಸಿ, 1807ರಲ್ಲಿ ಮೂರು ಸಂಪುಟ ಅಚ್ಚು ಹಾಕಿಸಿದ. ನವಲಗುಂದ ಅವನ ದಾರಿಗೆ ಬೀಳಲಿಲ್ಲ. ಇನ್ನೂರು ವರ್ಷ ಮೀರಿದ ಈ ಕೊರತೆಯನ್ನು ನೀಗಿಸುವ ಹೊಣೆ, ಬೇರಾರೂ ಮುಂದೆ ಬಾರದ ಕಾರಣ, ಪ್ರಸ್ತುತ ಸಂಶೋಧಕನ ಹೆಗಲಿಗೆ ಬಿತ್ತು. ಹೆಗಲು ಇನ್ನೂ ನೋಯುತ್ತಿದೆ.

ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡದ್ದು ಬೆಣ್ಣಿಹಳ್ಳದ ಆಚೆ ದಂಡೆಯ ಒಂದು ಊರಿನ ಕುಲುಮೆ. ಕುಲುಮೆ ಗೆಳೆಯನದು, ರೊಟ್ಟಿ ಊಟ ಅಲ್ಲಿಯೇ. ಆಯ್ಕೆಯ ವೈಜ್ಞಾನಿಕ ಆಧಾರ ಇಷ್ಟು. ಒಳಗೆ ಅಡಿಗಲ್ಲು, ಇಕ್ಕಳ, ಒಂದು ಸಣ್ಣ ಸುತ್ತಿಗೆ, ಒಂದು ದೊಡ್ಡದು, ಜಾಲಿಯ ಇದ್ದಲಿ, ನೀರಿನ ದೋಣಿ. ಚರ್ಮದ ತಿದಿಯ ಹುದ್ದೆಗೆ ಕರೆಂಟಿನ ಬ್ಲೋವರ್ ಬಂದು ಬಹಳ ವರ್ಷವಾಯಿತು. ಕರೆಂಟು ಹೋದಾಗ ಮಾತ್ರ ತಿದಿಗೆ ಪುನರ್ನೇಮಕ. ಹೀಗಾಗಿ ಅದು ಹೆಚ್ಚುಕಡಿಮೆ ಕಾಯಂ ನೌಕರನೇ.

ಮೊದಲ ಅಧ್ಯಾಯದ ಪ್ರಶ್ನೆ: ಕುಲುಮೆ ಏಕೆ ಕತ್ತಲು? ಪೂರ್ವಪಕ್ಷ: ಬಡತನ. ಆದ್ದರಿಂದ ಸಂಶೋಧಕನು ಕರುಣೆಯಿಂದ ಒಂದು ಕಿಟಕಿಯನ್ನೂ ಒಂದು ಟ್ಯೂಬ್‌ಲೈಟನ್ನೂ ಶಿಫಾರಸು ಮಾಡಿದನು. ಗೆಳೆಯನ ತಂದೆ (ಇನ್ನು ಮುಂದೆ ಕಾಕಾ) ಈ ಪಕ್ಷವನ್ನು ಒಂದೇ ಮಾತಿನಲ್ಲಿ ಖಂಡಿಸಿದರು: “ಬೆಳಕ ಬಿಟ್ಟರ ಕಬ್ಬಣದ ಬಣ್ಣ ಹೆಂಗ ಕಾಣಬೇಕೋ ತಮ್ಮಾ?” ಸಿದ್ಧಾಂತವಿದು. ಸುಮಾರು 600 ಡಿಗ್ರಿಯ ಕಬ್ಬಿಣ ಬಿಸಿಲಲ್ಲಿ ಕಾದಂತೆಯೇ ಕಾಣದು. ನೆರಳಿನಲ್ಲಿ ಅದೇ ಕಡುಗೆಂಪು. 800ರ ಹೊತ್ತಿಗೆ ಕೆಂಪು ತಿಳಿಯಾಗುತ್ತದೆ, 950ರ ಸುತ್ತ ಕೇಸರಿ, ಅದರಾಚೆ ಹಳದಿ. ಬೆಳ್ಳಗಾಗಿ ಚಿಟಚಿಟ ಕಿಡಿ ಉಗುಳತೊಡಗಿದರೆ ಉಕ್ಕು ಉರಿದುಹೋಗುತ್ತಿದೆ, ಅಷ್ಟಕ್ಕೆ ಬಿಡಬಾರದು. ಕತ್ತಲು ಇಲ್ಲಿ ಉಷ್ಣಮಾಪಕದ ಒಂದು ಭಾಗ. ಕಬ್ಬಿಣ ಸುಮಾರು 770 ಡಿಗ್ರಿಗೆ ಅಯಸ್ಕಾಂತದ ನಂಟನ್ನು ಬಿಡುತ್ತದೆ. 1895ರಲ್ಲಿ ಈ ವಿಷಯದ ಮೇಲೆಯೇ ಪಿಯೆರ್ ಕ್ಯೂರಿ ಪ್ಯಾರಿಸ್ಸಿನಲ್ಲಿ ಮಹಾಪ್ರಬಂಧ ಮಂಡಿಸಿದ. ಸಂಶೋಧಕನ ಜೇಬಿನಲ್ಲಿ ಅಯಸ್ಕಾಂತವಿತ್ತು. ಕಾಕಾ ದೂರದಿಂದಲೇ “ಈಗ ಆತು” ಎಂದಾಗ ಹಿಡಿದು ನೋಡಿದರೆ ಅದು ಅಂಟಲಿಲ್ಲ. ಕ್ಯೂರಿಯ ಸಿದ್ಧಾಂತ ಸರಿಯಾಗಿಯೇ ಇದೆ ಎಂದು ಫ್ರಾನ್ಸಿಗೆ ತಿಳಿಸಬಹುದು.

ಎರಡನೆಯ ಅಧ್ಯಾಯ ಲಭ್ಯವಿಲ್ಲ. ಟಿಪ್ಪಣಿ ಪುಸ್ತಕವನ್ನು ಅಡಿಗಲ್ಲಿನ ಪಕ್ಕ ಇಟ್ಟಿದ್ದರಿಂದ, ಪರೀಕ್ಷಕರಿಗಿಂತ ಮೊದಲು ಕಿಡಿಗಳು ಅದನ್ನು ಓದಿಬಿಟ್ಟವು. ಟೆರಿಕಾಟ್ ಅಂಗಿಯ ಬಲತೋಳಿನ ಬಗ್ಗೆಯೂ ಇಷ್ಟೇ ಹೇಳಬಹುದು.

ಮೂರನೆಯದು ಭಾಷಾಶಾಸ್ತ್ರಕ್ಕೆ ಸೇರಿದ್ದು. ಕುಲುಮೆಯಲ್ಲಿ ಬಾಯಿಮಾತು ಕಡಿಮೆ. ಕಮ್ಮಾರ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತೋರಿಸಿದ ಜಾಗಕ್ಕೇ ಎದುರು ನಿಂತವರ ದೊಡ್ಡ ಸುತ್ತಿಗೆ ಬೀಳಬೇಕು; ಸಣ್ಣದು ಕಬ್ಬಿಣವನ್ನು ಬಿಟ್ಟು ಅಡಿಗಲ್ಲನ್ನು ತಟ್ಟಿದರೆ ನಿಲ್ಲಿಸಬೇಕು. ಒಂದು ವಿಧಿ, ಒಂದು ನಿಷೇಧ, ವ್ಯಾಕರಣ ಮುಗಿಯಿತು. ಸಂಶೋಧಕನ ಏಟುಗಳು ವಿಧಿಯಿದ್ದಲ್ಲಿ ಬೀಳದೆ ನಿಷೇಧವಿದ್ದಲ್ಲಿ ಬಿದ್ದವು. ಇವನ್ನು ಆರ್ಷಪ್ರಯೋಗಗಳೆಂದು ಗ್ರಹಿಸತಕ್ಕದ್ದು. ಕೇಶಿರಾಜ ಇದ್ದಿದ್ದರೆ ಒಂದು ಸೂತ್ರವನ್ನೇ ಬರೆಯುತ್ತಿದ್ದ. ಅಲ್ಲಿದ್ದದ್ದು ಗೆಳೆಯನ ಹೆಂಡತಿ. “ಅಣ್ಣಾರ, ಕೊಡ್ರಿ ಇಲ್ಲೆ, ಕಬ್ಬಣ ಆರಾಕತ್ತೇತಿ” ಎಂದು ವೈನಿಯವರು ಸೆರಗು ಸಿಕ್ಕಿಸಿ ದೊಡ್ಡ ಸುತ್ತಿಗೆ ಎತ್ತಿದರು. ಏಟೊಂದೂ ಜಾಗ ತಪ್ಪಲಿಲ್ಲ. ಗಂಡ ತಟ್ಟುವುದು, ಇವರು ಹೊಡೆಯುವುದು, ನಡುವೆ ಒಂದು ಉಸಿರಿನಷ್ಟೂ ಸಂದಿಲ್ಲ. ಎಷ್ಟೋ ಊರುಗಳ ಕುಲುಮೆಗಳಲ್ಲಿ ಆ ಎರಡನೆಯ ಸುತ್ತಿಗೆ ಹೆಂಗಸರ ಕೈಯಲ್ಲೇ ಇದ್ದದ್ದು. ಸರ್ಕಾರಿ ಅರ್ಜಿಯ ಉದ್ಯೋಗದ ಕಾಲಮಿನಲ್ಲಿ ಮಾತ್ರ ಅವರದು ‘ಮನೆಗೆಲಸ’.

ಈಗ ಕೃತಿಯ ವಿಚಾರ. ಸಂಶೋಧಕನು ಬಡಿಯಹೊರಟದ್ದು ಕಳೆ ತೆಗೆಯುವ ಒಂದು ಕುರ್ಪಿ. ಕುರ್ಪಿಗೆ ಒದಗುವ ಒಳ್ಳೆಯ ಉಕ್ಕೆಂದರೆ ಹಳೆಯ ಲಾರಿಯ ಕಮಾನ್ ಪಟ್ಟಿ. ಅದರಲ್ಲಿ ಇಂಗಾಲ ನೂರಕ್ಕೆ ಅರ್ಧ ಪಾಲು ಅಥವಾ ತುಸು ಹೆಚ್ಚು, ಕಾಸಿ ನೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ. ಸಂಶೋಧಕನಿಗೆ ದಯಪಾಲಿಸಿದ್ದು ಮನೆಕಟ್ಟಿ ಉಳಿದ ಸರಳಿನ ತುಂಡು. “ಇದು ಹೋದ್ರ ಹೋಗವಲ್ದ್ಯಾಕ” ಎಂಬ ಗೆಳೆಯನ ಮಾತು ವಿದ್ವತ್ತಿನ ಮೇಲಿನ ಗೌರವವೆಂದೇ ದಾಖಲಿಸಲಾಗಿದೆ. ಸಾಕಷ್ಟು ಬಡಿದಾದ ಮೇಲೆ ಒಂದು ವಸ್ತು ಹುಟ್ಟಿತು. ಅದರ ಸ್ವರೂಪದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಗೆಳೆಯನ ಪ್ರಕಾರ ದನ ಕಟ್ಟುವ ಗೂಟ. ವೈನಿಯವರ ಪ್ರಕಾರ ದೋಸೆ ಮಗುಚಲು ಬಂದರೂ ಬಂದೀತು. ಕುಂಟಿಯ ಕುಡ ಹಣಿಸಲು ಬಂದು ಕೂತಿದ್ದ ರೈತರೊಬ್ಬರು ಬಹಳ ಹೊತ್ತು ತಿರುಗಿಸಿ ನೋಡಿ, “ಇದು ಟ್ರ್ಯಾಕ್ಟರಿನ ಯಾವ ಪಾರ್ಟರೀ?” ಎಂದು ಕೇಳಿದರು. ಕುರ್ಪಿಯ ವಿಕಾಸದಲ್ಲಿ ಈವರೆಗೆ ಸಿಗದಿದ್ದ ಕೊಂಡಿ ಇದೇ ಎಂಬುದು ಸಂಶೋಧಕನ ನಿಲುವು. ಅದನ್ನು ಬದಲಿಸುವ ಇರಾದೆಯಿಲ್ಲ.

ಕೃತಿಯಿಂದ ಕರ್ತೃವಿನ ಕಡೆಗೆ ಬಂದರೆ, ಶರಣಸಾಹಿತ್ಯದ ಬೆಂಬಲ ಸಂಶೋಧಕನಿಗೇ ಇದೆ. ಜಾತಿ ಕಸುಬಿನಿಂದ ಬಂದದ್ದೆಂದು ಹೇಳುವ ಪ್ರಸಿದ್ಧ ವಚನದಲ್ಲಿ ಬಸವಣ್ಣನವರು ಕೊಡುವ ಮೊದಲ ಉದಾಹರಣೆಯೇ ಕಮ್ಮಾರ, ಮತ್ತು ಕಾಸುವುದೇ ಅವನ ಲಕ್ಷಣ. ಸಂಶೋಧಕ ಕಾಸಿದ್ದಾನೆ, ಆದ್ದರಿಂದ ಅವನು ಕಮ್ಮಾರ. ತರ್ಕದಲ್ಲಿ ದೋಷವಿಲ್ಲ. ಕಾಕಾ ಎಲೆಯಡಿಕೆ ಒಂದು ದವಡೆಗೆ ಸರಿಸಿ, “ಕಾಸೂದು ನಮ್ಮ ಮೊಮ್ಮಗನೂ ಕಾಸ್ತಾನ. ಹದಾ ಕೊಡು ನೋಡೂಣು” ಎಂದರು.

ಹದದ ವಿಷಯದಲ್ಲಿ ಅಣಕವಾಡುವ ಧೈರ್ಯ ಈ ಪ್ರಬಂಧಕ್ಕಿಲ್ಲ. ಕಾಕಾ ರೈತರ ಕುಡವನ್ನು ಕೆಂಪಗೆ ಕಾಸಿ, ಬಾಯನ್ನು ಮಾತ್ರ ನೀರಿಗೆ ಹಿಡಿದು, ತೆಗೆದು, ಕಲ್ಲಿನಿಂದ ಗಸಗಸ ಉಜ್ಜಿದರು. ಬೆಳ್ಳಗಾದ ಜಾಗಕ್ಕೆ ಹಿಂದಿನ ಬಿಸಿ ಹರಿದು ಬಂತು, ಅದರ ಜೊತೆ ಬಣ್ಣಗಳು: ಮೊದಲು ಒಣಹುಲ್ಲಿನ ಹಳದಿ, ಸುಮಾರು 230 ಡಿಗ್ರಿ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಬೇಕಾದ ಬಣ್ಣ ಬಾಯಿಗೆ ಮುಟ್ಟಿದ ಕ್ಷಣ ಇಡೀ ಕುಡ ನೀರಿಗೆ. ತಡವಾದರೆ ಮೆತ್ತಗಾಗಿ ಎರೆಹೊಲದ ಹೆಂಟೆಗೆ ಬೇಗ ಸವೆಯುತ್ತದೆ, ಅವಸರವಾದರೆ ಕಲ್ಲಿಗೆ ತಾಗಿ ಸೀಳುತ್ತದೆ. ಸಂಶೋಧಕನಿಗೆ ಆ ಕೆಲಸವನ್ನು ಕೊಡಲಿಲ್ಲ. ಕೊಡದಿದ್ದದ್ದು ಸರಿ, ಕುಡ ರೈತರದು.

ಅರ್ಥಶಾಸ್ತ್ರದ ಅಧ್ಯಾಯ ಚಿಕ್ಕದು, ಏಕೆಂದರೆ ಕುಲುಮೆಯ ಆದಾಯವೂ ಹಾಗೇ ಇದೆ. ಹಿಂದೆ ಕಮ್ಮಾರ ಆಯಗಾರರಲ್ಲಿ ಒಬ್ಬ. ವರ್ಷವಿಡೀ ಕುಡ, ಕುಡಗೋಲು, ಕೊಡಲಿ ನೋಡಿಕೊಂಡು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳದ ಆಯ ತರುತ್ತಿದ್ದ. ಈಗಿನ ಕಂಪನಿಗಳು ಇದನ್ನೇ ವಾರ್ಷಿಕ ನಿರ್ವಹಣಾ ಒಪ್ಪಂದವೆಂದು ಮಾರುತ್ತವೆ. ಗಾಡಿಗೆ ಟೈರು ಬಂದು ಗಾಲಿಗೆ ಹಳಿ ಏರಿಸುವ ಕೆಲಸ ನಿಂತಿತು. ಹದಿನೈದು ಅಡಿ ಸುತ್ತಳತೆಯ ಹಳಿ 600 ಡಿಗ್ರಿಯಷ್ಟು ಕಾದರೆ ಒಂದೂಕಾಲು ಇಂಚಿಗಿಂತ ತುಸು ಹೆಚ್ಚು ಹಿಗ್ಗುತ್ತದೆಂದು ಸಂಶೋಧಕನು ಕಾಗದದ ಮೇಲೆ ಸಾಧಿಸಿದನು. ಕಾಕಾ ಹೆಬ್ಬೆರಳನ್ನು ಅಡ್ಡ ಹಿಡಿದು, “ಇದರಕಿಂತ ಚೂರ ಜಾಸ್ತಿ” ಎಂದರು. ಟ್ರ್ಯಾಕ್ಟರಿನ ಹಲ್ಲುಗಳು ಅಂಗಡಿಯಿಂದ ಬರುತ್ತವೆ, ಮುರಿದರೆ ವೆಲ್ಡಿಂಗ್‌ನವನ ಬಳಿ ಹೋಗುತ್ತವೆ. ಎತ್ತು ಕಟ್ಟುವ ಮನೆಗಳಿರುವವರೆಗೆ ಕುಂಟಿ ಇದೆ, ಅಲ್ಲಿಯವರೆಗೆ ಕಾಕಾನ ಬೆಂಕಿ.

ಈ ಸಂಶೋಧನೆಯನ್ನು ಮುಂದುವರಿಸುವವರಲ್ಲಿ ವಿನಂತಿ: ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ, ಹಿಂಗಾರಿ ಬಿತ್ತಿಗೆಗೆ ಮೊದಲು ಸೆಪ್ಟೆಂಬರಿನಲ್ಲಿ ಕುಲುಮೆಗೆ ಹೋಗಬೇಡಿ, ಆಗ ರೈತರ ಪಾಳಿ ಇರುತ್ತದೆ. ಉಳಿದ ದಿನಗಳಲ್ಲಿ ಹೋಗಿ, ಹತ್ತಿ ಬಟ್ಟೆ ಉಟ್ಟು ಹೋಗಿ. ಕುರ್ಪಿ ಬೇಕಿದ್ದರೆ ಅಲ್ಲಿ ಬಡಿದಿಟ್ಟದ್ದನ್ನು ಕೊಂಡು ತನ್ನಿ, ಹೇಳಿದಷ್ಟು ರೊಕ್ಕ ಕೊಡಿ, ಚೌಕಾಶಿ ಮಾಡಬೇಡಿ.